ಅವ್ವ ಮೆತ್ತಗೆ ಮಾಡಿದ ಬೆರಳು

ಮೊನ್ನೆ ಗೆಳತಿಯ ಮನೆಯಲ್ಲಿ ಕೂಸಿಗೆ ಎರೆದು ಲೋಬಾನದ ಹೊಗೆ ಹಾಕುತ್ತಿದ್ದರು. ಆ ವಾಸನೆ ಬಂದದ್ದೇ ತಡ, ಲಂಡನ್ ಹತ್ತಿರದ ಕ್ರೋಯ್ಡನ್ನಿನ ಹಳೆಯ ಮನೆ, ಪಕ್ಕದ ಮನೆಯ ಸ್ಪಿನ್ ಬೌಲರ್, ಎಲ್ಲ ನೆನಪಾಯಿತು.

ತೊಂಬತ್ತರ ದಶಕದ ಕೊನೆ. ನನ್ನ ಬಾಣಂತನಕ್ಕೆ ಧಾರವಾಡದಿಂದ ಅವ್ವ ಬಂದಿದ್ದಳು. ಪಕ್ಕದ ಮನೆಯವರು ಕೌಂಟಿ ಕ್ರಿಕೆಟ್ ತಂಡಕ್ಕೆ ಆಡುವ ಇಂಗ್ಲಿಷರು, ನಲವತ್ತರ ಹತ್ತಿರದ ಒಂಟಿ ಜೀವ. ಒಂದು ಕಾಲಕ್ಕೆ ಇಂಗ್ಲೆಂಡ್ ತಂಡದ ಬಾಗಿಲವರೆಗೆ ಹೋಗಿದ್ದವರಂತೆ. ಈಗ ಬೇಸಿಗೆಯ ಕೊನೆಯ ಪಂದ್ಯದಲ್ಲಿ ವಿಕೆಟ್ ಬಿದ್ದರಷ್ಟೇ ಮುಂದಿನ ವರ್ಷ ಜಾಗ ಎಂದು ಕ್ಲಬ್ಬಿನವರು ಹೇಳಿಬಿಟ್ಟಿದ್ದರು. ಚೆಂಡು ತಿರುಗಿಸಿ ತಿರುಗಿಸಿ ಅವರ ತೋರುಬೆರಳು ಜಡ್ಡುಗಟ್ಟಿ ಬಿರುಕು ಬಿಟ್ಟಿತ್ತು. ಚರ್ಮ ಗಟ್ಟಿಯಾಗಲೆಂದು ಅದಕ್ಕೆ ಲೋಬಾನದ ಘಾಟಿನ ಔಷಧಿಯೊಂದನ್ನು ಹಚ್ಚಿಕೊಳ್ಳುತ್ತಿದ್ದರು. ನಮ್ಮ ಮನೆಯ ಹೊಗೆ ಬೇಲಿ ದಾಟಿದ ದಿನ, ನನ್ನ ಔಷಧಿ ಬಾಟಲಿಯೇ ಒಡೆಯಿತೇನೋ ಅಂದುಕೊಂಡೆ ಎಂದು ನಗುತ್ತ ಬಂದರು.

ಬೆರಳು ನೋಡಿದ ಮೇಲೆ ಅವ್ವ ಬಿಡಬೇಕಲ್ಲ! ತುಪ್ಪದಲ್ಲಿ ಅರಿಶಿಣ ಬಿಸಿ ಮಾಡಿ ತಂದಳು. ಚೆಂಡು ತಿರುಗಿಸಲು ಚರ್ಮ ಗಟ್ಟಿಯಿರಬೇಕು ಎಂದು ಅವರು ಹಿಂಜರಿದರು. ನಾನು ಅದನ್ನೇ ಅವ್ವನಿಗೆ ಹೇಳಿದೆ.

"ಹುಣ್ಣು ಗಟ್ಟಿ ಮಾಡ್ಕೊಳ್ಳೋದು ಎಲ್ಲೆರೆ ಐತೇನ? ಸುಮ್ಮ ಕೈ ಕೊಡು ಅಂತ ಹೇಳ ಅವಗ."

ಅವರು ಕೈ ಕೊಟ್ಟರು. ಮರುದಿನವೂ ಬಂದರು, ಅದರ ಮರುದಿನವೂ... ಅವ್ವ ಬೆರಳು ತಿಕ್ಕುವಾಗ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಆ ಕೈಯನ್ನು ಹಾಗೆ ಯಾರಾದರೂ ಹಿಡಿದು ಎಷ್ಟು ಕಾಲವಾಗಿತ್ತೋ. ಪಂದ್ಯದ ಹೊತ್ತಿಗೆ ಬಿರುಕು ಮುಚ್ಚಿತ್ತು, ಜಡ್ಡೂ ಕರಗಿತ್ತು. ಬೆರಳು ನನ್ನ ಕೂಸಿನದರಂತೆ ಮೆತ್ತಗಾಗಿತ್ತು.

ಎರಡನೆಯ ಓವರಿಗೇ ಆ ಎಳೆಯ ಚರ್ಮ ಕಿತ್ತು ಬಂತಂತೆ. ಆಮೇಲೆ ಚೆಂಡು ಹಿಡಿಯಲೇ ಆಗಲಿಲ್ಲ. ಗೇಟಿನ ಹತ್ತಿರ ನನಗಿಷ್ಟು ಹೇಳಿ, "ನಿಮ್ಮ ತಾಯಿಗೆ ಮಾತ್ರ ಗೊತ್ತಾಗಬಾರದು" ಎಂದು ಮಾತು ತೆಗೆದುಕೊಂಡರು. ನಂತರ ಬಲಗೈಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಒಳಗೆ ಬಂದು, ಬೆರಳು ಪೂರ್ತಿ ವಾಸಿಯಾಯಿತೆಂದು ನನ್ನಿಂದ ಅವ್ವನಿಗೆ ಹೇಳಿಸಿದರು. ಅವ್ವ ಹಿಗ್ಗಿ ಹೀರೇಕಾಯಿಯಾಗಿ ನನ್ನ ಬಾಣಂತನಕ್ಕೆಂದು ಕಟ್ಟಿದ್ದ ಅಂಟಿನ ಉಂಡಿ ಕೊಡಹೋದಳು. ಅವರು ಎಡಗೈ ಚಾಚಿದರು.

"ಎಡಗೈಲೆ ಇಸ್ಕೋತಾರೇನ ತಮ್ಮಾ? ಬಲಗೈ ಚಾಚು!"

"ಇವರೊಳಗ ಹಂಗೇನಿಲ್ಲ, ಬಿಡವ್ವಾ" ಎಂದು ಉಂಡಿಯನ್ನು ನಾನೇ ಅವರ ಎಡಗೈಯಲ್ಲಿಟ್ಟೆ.

ಅವರನ್ನು ತಂಡದಿಂದ ಬಿಟ್ಟರು. ಮುಂದಿನ ಬೇಸಿಗೆಗೆ ಮನೆ ಖಾಲಿ ಮಾಡಿಕೊಂಡು ಹೋದರು. ಕೆಲವು ವರ್ಷಗಳ ಮೇಲೆ, ತೀರಿಕೊಂಡರೆಂದು ಯಾರೋ ಹೇಳಿದರು... ಅವ್ವ ಮಾತ್ರ ಟಿ.ವಿ.ಯಲ್ಲಿ ಕ್ರಿಕೆಟ್ ಕಂಡಾಗಲೆಲ್ಲ ಫೋನಿನಲ್ಲಿ ಕೇಳುತ್ತಿದ್ದಳು: "ಬೆರಳು ಆರಿತ್ತಲ್ಲ, ಮತ್ಯಾಕ ಆಡವಲ್ಲ ಅಂವ?"

ವಯಸ್ಸಾಯಿತಲ್ಲವ್ವಾ ಅನ್ನುತ್ತಿದ್ದೆ. ಹೋದ ವರ್ಷ ಅವ್ವನೂ ಹೋದಳು. ಈಗ ಈ ಮಾತನ್ನು ಯಾರಿಂದಲೂ ಮುಚ್ಚಿಡಬೇಕಾಗಿಲ್ಲ.