ಸೋಲಿಂಗ್ ನಕ್ಷೆಗೆ ಹಾಕಿಸಿದ ಸಹಿ

ಜರ್ಮನಿಯ ಸೋಲಿಂಗ್ ಬೆಟ್ಟಗಳನ್ನು ನಾನು ಇವತ್ತಿಗೂ ಕಣ್ಣಾರೆ ಕಂಡಿಲ್ಲ. ಆದರೆ ೨೦೦೩ರಲ್ಲಿ ಅಮೆರಿಕದ ಗೈದರ್ಸ್‌ಬರ್ಗಿನ ಪುಟ್ಟ ನಕ್ಷೆ ಕಂಪನಿಯೊಂದರಲ್ಲಿ ಕೂತು ಅಲ್ಲಿನ ಒಂದೊಂದು ತೊರೆಯನ್ನೂ ಗುರುತು ಹಿಡಿಯುತ್ತಿದ್ದೆ. ಬೆಟ್ಟ ಅನ್ನುವುದೂ ಹೆಚ್ಚೇ. ಶಿಖರವಿಲ್ಲ, ಕಾವಲಿಯ ಮೇಲೆ ಉಬ್ಬಿದ ಸೆಟ್ ದೋಸೆಯಂಥ ಅಗಲ ಬೆನ್ನು, ಅದರ ತುಂಬ ಬೀಚ್ ಮತ್ತು ಸ್ಪ್ರೂಸ್ ಮರಗಳು, ಪಶ್ಚಿಮಕ್ಕೆ ವೇಸರ್ ನದಿ. ಕಾರ್ಕಳದಲ್ಲಿ ಘಟ್ಟದ ಗೋಡೆ ನೋಡುತ್ತ ಬೆಳೆದ ನನಗೆ ಅದರ ಮೇಲೆ ತಾತ್ಸಾರ. ಆ ತಾತ್ಸಾರದಲ್ಲೇ ಕೈ ತಪ್ಪಿತು.

ರೇಡಾರ್ ಆಕಾಶದಿಂದ ಅಳೆಯುವುದು ಮರದ ತುದಿಯನ್ನು, ನೆಲವನ್ನಲ್ಲ. ಕಾಡಿರುವ ಕಡೆ ಮರದ ಎತ್ತರ ಕಳೆದು ನೆಲವನ್ನು ಕಂಡುಕೊಳ್ಳುವುದು ನನ್ನ ಕೆಲಸ. ನಕ್ಷೆಯ ಒಂದು ಹಾಳೆಯಲ್ಲಿ ಆ ಎತ್ತರವನ್ನು ಎರಡು ಸಲ ಕಳೆದುಬಿಟ್ಟೆ. ಪ್ರತಿ ಹಾಳೆಯನ್ನೂ ಇನ್ನೊಬ್ಬರು ಪರೀಕ್ಷಿಸಿ ಸಹಿ ಹಾಕಬೇಕಿತ್ತು. ಪಕ್ಕದ ಮೇಜಿನಲ್ಲಿ ಮೈಸೂರಿನವರೊಬ್ಬರಿದ್ದರು. ನಮ್ಮದೇ ಅಪಾರ್ಟ್‌ಮೆಂಟಿನವರು, ದಿನಾ ನನ್ನನ್ನು ತಮ್ಮ ಕಾರಿನಲ್ಲಿ ಆಫೀಸಿಗೆ ಕರೆತರುತ್ತಿದ್ದವರು. ನಾನು ಆ ಹಾಳೆಯನ್ನು ಅವರಿಗೆ ಕೊಟ್ಟ ಶುಕ್ರವಾರ ಅವರ ಮುಂದೆ ಪರೀಕ್ಷಿಸಲು ಇನ್ನೂ ಆರು ಹಾಳೆಗಳಿದ್ದವು.

"ನಾನೇ ಡಬಲ್ ಚೆಕ್ ಮಾಡಿದೀನಿ, ಸೈನ್ ಮಾಡಿದ್ರೆ ಸಾಕು," ಅಂದೆ.

"ನೀವು ನೋಡಿದ್ರೆ ಆಯ್ತು ಬಿಡಿ," ಎಂದು ಸಹಿ ಹಾಕಿದರು.

ನಾನು ನೋಡಿರಲಿಲ್ಲ. ಬೇಗ ಮನೆ ಸೇರುವ ಆತುರ, ಅಷ್ಟೇ.

ಮೂರು ವಾರದಲ್ಲಿ ಹಾಳೆ ಗ್ರಾಹಕರಿಂದ ವಾಪಸು ಬಂತು. ಕಾಡಿನ ನೆಲ ಪಕ್ಕದ ಹುಲ್ಲುಗಾವಲಿಗಿಂತ ಕೆಳಗಿಳಿದು, ನನ್ನ ನಕ್ಷೆಯಲ್ಲಿ ತೊರೆ ಮೇಲಕ್ಕೆ ಹರಿಯುತ್ತಿತ್ತು. ಮ್ಯಾನೇಜರ್ ಇಬ್ಬರನ್ನೂ ಕರೆಸಿದ. ತಪ್ಪು ಯಾರಾದರೂ ಮಾಡಬಹುದು, ಹಿಡಿಯದಿದ್ದರೆ ಅದೇ ಅಪರಾಧ ಎಂಬುದು ಅವನ ತರ್ಕ. ಹಾಳೆಯನ್ನು ನಿಜವಾಗಿ ನೋಡಿದ್ದಿರಾ ಎಂದು ಮೈಸೂರಿನವರನ್ನು ಕೇಳಿದ. ಅವರು ನನ್ನ ಕಡೆ ಒಮ್ಮೆ ತಿರುಗಿ, ಸಹಿ ತಮ್ಮದೇ ಎಂದಷ್ಟೇ ಹೇಳಿದರು. ನನ್ನ ಗಂಡನ ಕೆಲಸ ಆಗಲೇ ಹೋಗಿತ್ತು, ನಾವಿಬ್ಬರೂ ಈ ದೇಶದಲ್ಲಿದ್ದದ್ದು ನನ್ನ ಕೆಲಸದ ವೀಸಾದ ಮೇಲೆ; ಕೆಲಸ ಹೋದರೆ ಊರಿಗೆ ವಾಪಸಾಗಬೇಕು. ಅವರದೂ ಅದೇ ವೀಸಾ, ಮೇಲೆ ಶಾಲೆಗೆ ಹೋಗುವ ಮಗಳು. ಎಲ್ಲ ಗೊತ್ತಿದ್ದೂ ನಾನು ಕಾರ್ಪೆಟ್ ನೋಡುತ್ತ ನಿಂತೆ. ಆಮೇಲೆ ವಾರಗಟ್ಟಲೆ ಆ ಮ್ಯಾನೇಜರಿಗೆ ಮನಸ್ಸಿನಲ್ಲೇ ಶಾಪ ಹಾಕಿದೆ. ನನ್ನನ್ನು ಬೈದುಕೊಳ್ಳುವ ಧೈರ್ಯ ಇರಲಿಲ್ಲ.

ನನಗೆ ಎಚ್ಚರಿಕೆ ಸಿಕ್ಕಿತು, ಅವರ ಕೆಲಸ ಹೋಯಿತು. ಊರಿಗೆ ಹೊರಡುವ ಮುಂಚೆ ಅವರ ಹೆಂಡತಿ ತಮ್ಮ ಗ್ರೈಂಡರ್ ಕೊಡಲು ನನ್ನನ್ನು ಮನೆಗೆ ಕರೆದರು. ಮೈಸೂರಿನವರು ಮೂಲೆಯಲ್ಲಿ ರಟ್ಟಿನ ಡಬ್ಬಗಳಿಗೆ ಟೇಪ್ ಹಚ್ಚುತ್ತಿದ್ದರು.

"ಯಾರೋ ಚೆಕ್ ಮಾಡಿದೀನಿ ಅಂತ ಸುಳ್ಳು ಹೇಳಿ ಇವ್ರ ಹತ್ರ ಸೈನ್ ಮಾಡಿಸ್ಕೊಂಡ್ರಂತೆ," ಎಂದರು ಆಕೆ. "ಯಾರು ಅಂದ್ರೆ ಬಾಯೇ ಬಿಡಲ್ಲ. ನಿಮಗೆ ಗೊತ್ತಾ?"

ಟೇಪಿನ ಸದ್ದು ನಿಂತಿತು.

"ಇಲ್ಲ," ಅಂದೆ.

ಸದ್ದು ಮತ್ತೆ ಶುರುವಾಯಿತು. ಆಮೇಲೆ ಮೈಸೂರಿನವರೇ ಎದ್ದು ಬಂದು, ನನ್ನಿಂದ ಹೊರಲಾಗದೆಂದು ಗ್ರೈಂಡರನ್ನು ಎತ್ತಿಕೊಂಡು, ನಮ್ಮ ಮನೆಯ ಮೂರು ಮಹಡಿ ಹತ್ತಿ ಅಡಿಗೆಮನೆಯಲ್ಲಿ ಇಟ್ಟರು. ಬಾಗಿಲಲ್ಲಿ, ತಪ್ಪಾಯಿತೆಂದು ಅವರಿಗೆ ಹೇಳಲೇಬೇಕೆಂದು ಬಾಯಿ ತೆರೆದೆ. "ಥ್ಯಾಂಕ್ಸ್," ಅಂದೆ.