ವೇಗಕ್ಕೆ ಹೊಡೆದ ಮೊಳೆ

ಕೆರೆಯಲ್ಲಿ ದೋಣಿಗಳ ವೇಗಕ್ಕೆ ಮಿತಿ ಬಂದಾಗ ಎಲ್ಲರಿಗಿಂತ ಹೆಚ್ಚು ಹಾರಾಡಿದವನು ನಮ್ಮ ದೋಣಿ ಡ್ರೈವರು. ಆ ಮಿತಿ ತಂದ ಅಧಿಕಾರಿಯಮ್ಮ ಸುಮ್ಮನೆ ಬೋರ್ಡು ನೆಟ್ಟು ಹೋಗಲಿಲ್ಲ. ವೇಗದ ಹಿಡಿ ಅರ್ಧದಿಂದಾಚೆ ಸರಿಯದಂತೆ ಪ್ರತಿ ದೋಣಿಗೂ ಒಂದೊಂದು ಮೊಳೆ ಹೊಡೆಸಿದರು. "ಇದೇನು ದೋಣಿಯೋ, ಎಮ್ಮೆಯೋ?" ಎಂದು ಇವನು ದಿನಾ ಗೊಣಗುತ್ತಿದ್ದ. ಕೊನೆಗೊಂದು ಬೆಳಿಗ್ಗೆ, ಮೊದಲ ಸುತ್ತು ಮುಗಿಸಿ ಆ ಮೊಳೆಯನ್ನು ಕಿತ್ತೇಬಿಡೋಣವೆಂದು ಜೇಬಿನಲ್ಲಿ ಇಕ್ಕಳ ಇಟ್ಟುಕೊಂಡೇ ಹೊರಟ.

ಮಂಜು ಕವಿದಿತ್ತು. ದಿಢೀರನೆ ಎದುರಿಗೊಂದು ಪುಟ್ಟ ದೋಣಿ. ಅದರಲ್ಲಿ ಗಾಳ ಹಾಕಿ ಗೊರಕೆ ಹೊಡೆಯುತ್ತಿದ್ದವನು ಇವನ ಹೆಂಡತಿಯ ತಮ್ಮ! ಇವನು ಹಿಡಿಯನ್ನು ಪೂರ್ತಿ ಹಿಂದಕ್ಕೆಳೆದ. ಮೊಳೆಯ ಮಿತಿಯಲ್ಲೇ ತೆವಳುತ್ತಿದ್ದ ದೋಣಿ ಗೇಣು ದೂರದಲ್ಲಿ ನಿಂತುಬಿಟ್ಟಿತು.

"ಏನ್ ಭಾವ, ನಿದ್ದೆ ಮಾಡೋಕೂ ಬಿಡಲ್ವಾ?" ಅಂದ ಭಾಮೈದ. ಇವನು ಜೇಬಿನ ಇಕ್ಕಳವನ್ನು ಇನ್ನಷ್ಟು ಒಳಕ್ಕೆ ತಳ್ಳಿದ.

ಆ ಇಕ್ಕಳಕ್ಕೆ ಕೆಲಸ ಬಂದದ್ದು ಹನ್ನೊಂದು ವರ್ಷದ ಮೇಲೆ, ದೋಣಿ ಗುಜರಿಗೆ ಹೊರಟಾಗ. ಮೊಳೆಯನ್ನು ಕಿತ್ತು ತಂದು ನಡುಮನೆಯ ಗೋಡೆಗೆ ಹೊಡೆದ. ಅದಕ್ಕೆ ಯಾರೂ ಏನನ್ನೂ ನೇತುಹಾಕುವಂತಿಲ್ಲ. ಮೊನ್ನೆ ಊಟಕ್ಕೆ ಬಂದ ಭಾಮೈದ ಸೆಕೆಯೆಂದು ಅಂಗಿ ಬಿಚ್ಚಿ ಅದಕ್ಕೇ ತಗುಲಿಹಾಕಲು ಹೋದ.

"ಅಂಗಿ ಕುರ್ಚಿ ಮೇಲೆ ಹಾಕೋ ಮಾರಾಯ," ಅಂದ ಇವನು. "ಆ ಮೊಳೆ ಇಷ್ಟು ವರ್ಷದಿಂದ ನಿನ್ನನ್ನೇ ಹೊತ್ಕೊಂಡಿದೆ."