ಕಾಯಿಲೆ ಇಲ್ಲದ ಮಕ್ಕಳ ಉಸಿರು

ಭದ್ರಾವತಿಯಲ್ಲಿ ಗ್ಯಾಸ್‌ಗೆ ಹೆಸರು ಬರೆಸಿ ಕಾಯುತ್ತಿದ್ದ ಕಾಲ. ನಮ್ಮ ಸಾಲಿನ ಮನೆಗಳಲ್ಲೆಲ್ಲ ಮರದ ಹೊಟ್ಟು ತುಂಬಿ ಉರಿಸುವ ಒಲೆ. ಹೊಗೆ ಒಳಗೇ ಸುತ್ತುತ್ತಿತ್ತು. ಏಳನೇ ಕ್ಲಾಸಿನ ನನ್ನ ಮೊಮ್ಮಗಳಿಗೆ ಎರಡು ವರ್ಷದಿಂದ ಉಬ್ಬಸ. ಸೊಸೆ ಅದನ್ನು ಶೀತ ಎನ್ನುತ್ತಿದ್ದಳು. ಹುಡುಗಿಗೆ ಎದೆಯ ಕಾಯಿಲೆ ಎಂದು ಗೊತ್ತಾದರೆ ಮುಂದೆ ಗಂಡು ಸಿಗುವುದಿಲ್ಲ ಎಂಬ ಹೆದರಿಕೆ. ಡಾಕ್ಟರಿಗೂ ತೋರಿಸಿರಲಿಲ್ಲ.

ಶಿವಮೊಗ್ಗದಿಂದ ಡಾಕ್ಟರಮ್ಮ ಒಬ್ಬರು ಶಾಲೆಗೆ ಬಂದರು. ಮಕ್ಕಳು ಕೊಳವೆಗೆ ಜೋರಾಗಿ ಊದಬೇಕು, ಮಿಷನ್ನು ಉಸಿರು ಅಳೆಯುತ್ತದೆ. ಮನೆಯವರನ್ನೂ ಕರೆಸಿದ್ದರು.

“ಇಲ್ಲೀವರ್ಗೂ ಹೊರದೇಶದ ಮಕ್ಕಳ ಅಳತೆ ಇಟ್ಕೊಂಡು ನಮ್ಮ ಮಕ್ಕಳನ್ನ ನೋಡ್ತಿದ್ವಿ. ಇಷ್ಟು ವಯಸ್ಸು, ಇಷ್ಟು ಎತ್ತರ ಅಂದ್ರೆ ನಮ್ಮ ಮಕ್ಕಳು ಎಷ್ಟು ಊದ್ಬೇಕು ಅಂತ ಗೊತ್ತಾಗ್ಬೇಕು. ಅದಕ್ಕೆ ಕಾಯಿಲೆ ಇಲ್ದಿರೋ ಮಕ್ಕಳೇ ಬೇಕು. ಕೆಮ್ಮು, ಉಬ್ಬಸ ಇದ್ರೆ ಹೇಳ್ಬಿಡಿ,” ಎಂದರು.

ಗಂಡುಹುಡುಗರ ತಾಯಂದಿರು ಹೇಳಿದರು. ಒಬ್ಬಳಂತೂ ಮಗ ಕೆಮ್ಮುವುದನ್ನು ಮಾಡಿಯೇ ತೋರಿಸಿದಳು. ಹೆಣ್ಣುಮಕ್ಕಳ ತಾಯಂದಿರೆಲ್ಲ ಏನೂ ಇಲ್ಲ ಎಂದರು. ನಮ್ಮ ಪಕ್ಕದ ಮನೆಯವಳೂ ಹಾಗೇ ಎಂದಳು. ಅವಳ ಮಗಳ ಕೆಮ್ಮು ಗೋಡೆ ದಾಟಿ ನಮಗೆ ಕೇಳುತ್ತಿತ್ತು. ಆ ಹೊತ್ತಿಗೆ ಹುಡುಗಿ ಕೆಮ್ಮಲಿಲ್ಲ, ಅವಳು ಊದಿದ್ದನ್ನೂ ಬರೆದುಕೊಂಡರು.

ನಮ್ಮ ಹುಡುಗಿ ಊದಿದಳು. ಅರ್ಧಕ್ಕೇ ಕೆಮ್ಮು ಹತ್ತಿ ಬಗ್ಗಿ ಕೂತಳು.

“ಶೀತ ಮೇಡಂ, ನಿನ್ನೆ ಐಸ್‌ಕ್ಯಾಂಡಿ ತಿಂದ್ಲು,” ಎಂದಳು ಸೊಸೆ.

“ಎರಡು ವರ್ಷದಿಂದ ಅದೊಂದೇ ಐಸ್‌ಕ್ಯಾಂಡಿ ತಿಂತಿದಾಳೇನೇ ಮಾರಾಯ್ತಿ?” ಎಂದೆ. “ಉಬ್ಬಸ ಡಾಕ್ಟ್ರೇ. ರಾತ್ರಿ ಮಲಗಕ್ಕಾಗಲ್ಲ, ಕೂತೇ ಇರ್ತಾಳೆ.”

ಡಾಕ್ಟರಮ್ಮ ಅವಳ ಅಳತೆ ಕೈಬಿಟ್ಟರು. ನಾಳೆಯೇ ಶಿವಮೊಗ್ಗಕ್ಕೆ ಕರೆತನ್ನಿ ಎಂದರು.

ಮನೆಯಲ್ಲಿ ಸೊಸೆ ಪಾತ್ರೆ ಕುಕ್ಕಿದಳು. “ಊರೋರ ಮುಂದೆ ಡಂಗುರ ಹೊಡೆದ್ರಲ್ಲ ಅತ್ತೆ, ನಾಳೆ ಗಂಡು ನೀವು ತರ್ತೀರಾ?”

“ತರ್ತೀನೋ ಬಿಡ್ತೀನೋ. ಮೊದ್ಲು ಅವಳು ಉಸಿರಾಡ್ಲಿ.”

ಬಸ್ಸಿನಲ್ಲಿ ನಾನೇ ಕರೆದುಕೊಂಡು ಹೋದೆ. ಮಾಚೇನಹಳ್ಳಿ ದಾಟುವವರೆಗೂ ಹುಡುಗಿ ನನ್ನ ಕಡೆ ತಿರುಗಲಿಲ್ಲ. ಗೆಳತಿಯರ ಮುಂದೆ ಅವಳಿಗೂ ಅವಮಾನವಾಗಿತ್ತು. ಆಸ್ಪತ್ರೆಯಲ್ಲಿ ಆಸ್ತಮಾ ಎಂದರು. ಬಾಯಿಗಿಟ್ಟು ಎಳೆದುಕೊಳ್ಳುವ ಪಂಪು ಬರೆದುಕೊಟ್ಟರು. ಆಮೇಲೆ ಹುಡುಗಿ ಬೆನ್ನು ಹಾಸಿಗೆಗೆ ತಾಗಿಸಿ ಮಲಗತೊಡಗಿದಳು. ಸೊಸೆ ನನ್ನ ಜೊತೆ ಮಾತು ಬಿಟ್ಟಳು. ಪಂಪು ಕೊಡುವುದನ್ನು ಬಿಡಲಿಲ್ಲ. ನೆಂಟರು ಬಂದರೆ ಮಾತ್ರ ಅಕ್ಕಿ ಡಬ್ಬದೊಳಗೆ ಹೂತಿಡುತ್ತಿದ್ದಳು.

ಒಂದು ಸಂಜೆ ಪಕ್ಕದ ಮನೆಯವಳು ಹಿತ್ತಿಲ ಬಾಗಿಲಿಗೆ ಬಂದಳು. “ಅಜ್ಜಿ, ಆ ಪಂಪು ಒಂದ್ಗಳಿಗೆ ಕೊಡ್ತೀರಾ? ಯಾರ್ಗೂ ಹೇಳ್ಬೇಡಿ.”

ಗೋಡೆಯಾಚೆ ಅವಳ ಮಗಳು ಉಸಿರಿಗೆ ಒದ್ದಾಡುತ್ತಿದ್ದಳು, ಕೊಟ್ಟೆ. “ನಾಳೆ ಮಗಳನ್ನ ಕರ್ಕೊಂಡು ನನ್ ಜೊತೆ ಶಿವಮೊಗ್ಗಕ್ಕೆ ಬಾ,” ಎಂದೆ.

“ಅಯ್ಯೋ, ಬಿಸಿನೀರು ಕುಡಿಸ್ತೀನಿ, ಸರಿಹೋಗತ್ತೆ,” ಎಂದಳು.

ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಬಿಟ್ಟು ಕಾದೆ. ಬರಲಿಲ್ಲ. ಆ ಹುಡುಗಿಯ ಉಸಿರು ಕಾಯಿಲೆ ಇಲ್ಲದ ಮಕ್ಕಳ ಅಳತೆಯೊಳಗೆ ಸೇರಿಹೋಗಿದೆ. ಅಂಥವು ಇನ್ನೆಷ್ಟು ಸೇರಿವೆಯೋ. ಇನ್ಯಾವುದೋ ಮಗು ಕಡಿಮೆ ಊದಿದಾಗ, ಈ ಕಡೆಯ ಮಕ್ಕಳು ಊದುವುದೇ ಇಷ್ಟು ಎಂದು ಮನೆಗೆ ಕಳಿಸಿದರೆ ಏನು ಮಾಡುವುದು?